ಕಾಗದ ತಳಿ

ನಮ್ಮ ಕೇಂದ್ರದಲ್ಲಿ ಎರಡು ತಳಿಯ ಬಿಳಿ ಲೆಗ್‌ಹಾರ್ನ್ ಕೋಳಿಗಳಿದ್ದವು. ಕಡತಗಳಲ್ಲಿ ಅವಕ್ಕೆ ಬೇರೆ ಹೆಸರಿತ್ತು. ನಾವು ಮಾತ್ರ ಒಂದನ್ನು ಕಲ್ಲು ಎಂದೂ ಇನ್ನೊಂದನ್ನು ಕಾಗದ ಎಂದೂ ಕರೆಯುತ್ತಿದ್ದೆವು. ಕಲ್ಲು ತಳಿಯ ಮೊಟ್ಟೆ ಕೈಜಾರಿ ಮೇಜಿನ ಮೇಲೆ ಬಿದ್ದರೆ ಎಷ್ಟೋ ಸಲ ಸುಮ್ಮನೆ ಉರುಳಿಕೊಂಡು ಹೋಗುತ್ತಿತ್ತು. ಕಾಗದದ ಮೊಟ್ಟೆಯನ್ನು ಎತ್ತಿಕೊಳ್ಳುವಾಗಲೇ ಹೆಬ್ಬೆರಳು ಒಳಗೆ ಹೋಗಿಬಿಡುತ್ತಿತ್ತು. ಎರಡೂ ಒಂದೇ ಹಿಂಡಿನಿಂದ ಹುಟ್ಟಿದವು ಎಂದರೆ ನೋಡಲು ಬಂದವರು ನಂಬುತ್ತಿರಲಿಲ್ಲ.

ನಾನು ಮೊಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದೆ. ಒಂದೊಂದೇ ಮೊಟ್ಟೆಯನ್ನು ಯಂತ್ರದಲ್ಲಿಟ್ಟು, ಚಿಪ್ಪು ಬಿರುಕು ಬಿಡುವವರೆಗೆ ಅದುಮಿ, ಎಷ್ಟು ಭಾರ ತಡೆಯಿತು ಎಂದು ಬರೆದಿಡುವುದು ನನ್ನ ಕೆಲಸ. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ನಮ್ಮಣ್ಣ ಈನಿಯಸ್. ಎಲ್ಲದರ ಮೇಲೆ ಇದ್ದವರು ಡಾಕ್ಟರ್ ಲೂಸಿಯನ್ ಸೆಗೆನ್. ನದಿಯ ಕಡೆಯ ಫ್ರೆಂಚ್ ಹಳ್ಳಿಯೊಂದರಲ್ಲಿ ಹಾಲಿನ ಡೈರಿ ಇಟ್ಟುಕೊಂಡಿದ್ದವರ ಮಗ. ಓದು ಮುಗಿಸಿ ನೇರ ನಮ್ಮ ಕೇಂದ್ರಕ್ಕೆ ಬಂದು, ಹಿಂದಿನವರು ಶುರುಮಾಡಿ ಬಿಟ್ಟುಹೋಗಿದ್ದ ಈ ಎರಡು ತಳಿಗಳನ್ನು ವಹಿಸಿಕೊಂಡವರು ಬೇರೆಲ್ಲೂ ಹೋಗಲಿಲ್ಲ.

ಕೆಲಸವೇನೋ ಸರಳ. ಪ್ರತಿ ಪೀಳಿಗೆಯಲ್ಲೂ ಯಾವ ಕುಟುಂಬದ ಹೇಂಟೆಗಳು ಎಲ್ಲಕ್ಕಿಂತ ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತವೋ ಅವುಗಳ ಮರಿಗಳಿಂದ ಕಲ್ಲು ತಳಿ ಮುಂದುವರಿಯಬೇಕು. ಎಲ್ಲಕ್ಕಿಂತ ತೆಳು ಚಿಪ್ಪಿನವುಗಳಿಂದ ಕಾಗದ ತಳಿ. ಹುಂಜ ಮೊಟ್ಟೆ ಇಡುವುದಿಲ್ಲವಲ್ಲ, ಅದರ ರಕ್ತದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅದರ ಅಕ್ಕತಂಗಿಯರ, ಹೆಣ್ಣುಮಕ್ಕಳ ಮೊಟ್ಟೆಗಳನ್ನು ನೋಡಬೇಕು.

"ನಮ್ಮೂರ ಗಂಡಸ್ರೂ ಅಷ್ಟೇ ಬಿಡು," ಎನ್ನುತ್ತಿದ್ದ ಅಣ್ಣ. "ಅವರ ಯೋಗ್ಯತೆ ಗೊತ್ತಾಗ್ಬೇಕಾದ್ರೆ ಅಕ್ಕತಂಗೀರನ್ನೇ ಕೇಳ್ಬೇಕು."

"ನಿನ್ನ ಯೋಗ್ಯತೆ ಮಾರ್ಜರಿಯಿಂದ ಆಗ್ಲೇ ಗೊತ್ತಾಗಿದೆ," ಎಂದು ಲೂಸಿಯನ್ ನನ್ನ ಕಡೆ ನೋಡಿ ನಗುತ್ತಿದ್ದರು.

ಕಲ್ಲು ತಳಿಯನ್ನು ಸಾಕುವುದಕ್ಕೆ ಏನೂ ಕಷ್ಟವಿರಲಿಲ್ಲ. ಕಾಗದದ್ದೇ ಪಾಡು. ಅದರ ಮೊಟ್ಟೆ ಗೂಡಿನ ಇಳಿಜಾರಿನಲ್ಲಿ ಉರುಳುವಷ್ಟರಲ್ಲೇ ಒಡೆಯುತ್ತಿತ್ತು. ಒಡೆಯದೆ ಉಳಿದದ್ದರಲ್ಲೂ ಕಾವಿನ ಶಾಖಕ್ಕೆ ನೀರಿನಂಶವೆಲ್ಲ ಆರಿ ಮರಿ ಒಳಗೇ ಒಣಗುತ್ತಿತ್ತು. ತಳಿ ಕೆಟ್ಟಷ್ಟೂ ಲೂಸಿಯನ್ ಅವರಿಗೆ ಕೆಲಸಕ್ಕೆ ಬರುತ್ತಿತ್ತು, ಕೆಟ್ಟಷ್ಟೂ ಅದನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಅಣ್ಣ ಪ್ರತಿ ಗೂಡಿನ ತಂತಿಯ ಮೇಲೂ ಹಳೆಯ ಕಂಬಳಿಯ ಪಟ್ಟಿ ಕತ್ತರಿಸಿ ಹಾಸಿದ್ದ. ದಿನವಿಡೀ ಆ ಸಾಲಿನಲ್ಲೇ ಓಡಾಡುತ್ತಾ ಮೊಟ್ಟೆ ಬಿದ್ದ ಕೂಡಲೇ ಎತ್ತಿ ಹತ್ತಿಯ ತಟ್ಟೆಯಲ್ಲಿಡುತ್ತಿದ್ದ. ಅಷ್ಟು ದೊಡ್ಡ ಕೈಗಳು ಅವನವು, ಎಳೆಯ ದಿನಗಳಲ್ಲಿ ಮರ ಕಡಿದವನು. ಆದರೆ ಅವನ ಕೈಯಲ್ಲಿ ಕಾಗದದ ಮೊಟ್ಟೆ ಒಡೆದದ್ದನ್ನು ನಾನು ನೋಡಿದ್ದು ಕಡಿಮೆ.

ಈ ದರಿದ್ರ ಕೋಳಿಗಳನ್ನು ಯಾಕೆ ಸಾಕಬೇಕು ಎಂದು ನಾನೂ ಒಮ್ಮೆ ಕೇಳಿದ್ದೆ. ಲೂಸಿಯನ್ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು.

"ಚಿಪ್ಪು ಗಟ್ಟಿ ಮಾಡೋದು ಯಾವುದು ಅಂತ ರಕ್ತದಲ್ಲಿ ಹುಡುಕ್ಬೇಕು, ಮಾರ್ಜರಿ. ಬರೀ ಗಟ್ಟಿ ಕೋಳಿಗಳನ್ನೇ ಇಟ್ಕೊಂಡ್ರೆ ಎಲ್ಲಾ ಒಂದೇ ಥರ ಕಾಣತ್ತೆ. ಎರಡನ್ನೂ ಕೂಡಿಸ್ಬೇಕು. ಹುಟ್ಟಿದ ಮರಿಗಳನ್ನ ಅವವಕ್ಕೇ ಕೂಡಿಸ್ಬೇಕು. ಆಗ ಮೊಮ್ಮಕ್ಕಳಲ್ಲಿ ಎಲ್ಲಾ ಕಲಸಿಹೋಗತ್ತೆ ನೋಡಿ, ಒಂದು ಅಜ್ಜಿ ಹಾಗೆ, ಇನ್ನೊಂದು ಅಜ್ಜ ಹಾಗೆ. ಚಿಪ್ಪು ಗಟ್ಟಿ ಇರೋ ಮೊಮ್ಮಕ್ಕಳಲ್ಲೆಲ್ಲಾ ಕಲ್ಲಿನ ಕಡೆಯಿಂದ ಯಾವ ತುಂಡು ಬಂದಿದೆಯೋ, ಅದೇ ನಮಗೆ ಬೇಕಾದ್ದು."

"ಹಂಗಾದ್ರೆ ಕೂಡಿಸ್ಬಿಡಿ!"

"ಕೂಡಿಸ್ಬಹುದು. ರಕ್ತದಲ್ಲಿರೋದನ್ನ ಓದೋದಕ್ಕೆ ಇನ್ನೂ ಬರೋದಿಲ್ಲ. ಬರೋತನಕ ಇವೆರಡನ್ನೂ ಉಳಿಸ್ಕೋಬೇಕು."

ಅವರು ಕಾದರು. ಅವರ ತಲೆ ನರೆಯಿತು, ನಮ್ಮಣ್ಣನ ಹೆಂಡತಿ ತೀರಿಕೊಂಡಳು, ಕೇಂದ್ರಕ್ಕೆ ನಿರ್ದೇಶಕರು ಬಂದರು, ಹೋದರು. ಕೊನೆಗೆ ರಕ್ತ ಓದುವ ವಿದ್ಯೆ ಬಂತು. ಕಲ್ಲು ಹುಂಜಗಳನ್ನು ಕಾಗದದ ಹೇಂಟೆಗಳಿಗೆ ಕೂಡಿಸಿದರು. ಆ ಮರಿಗಳು ದೊಡ್ಡವಾದ ಮೇಲೆ ಅವುಗಳಲ್ಲೇ ಕೂಡಿಸಿದರು. ತೊಂಬತ್ತೈದರ ಹೊಸವರ್ಷ ಕಳೆದು ಸ್ವಲ್ಪ ದಿನಕ್ಕೆ, ಹೊರಗೆ ಮೊಣಕಾಲುದ್ದ ಹಿಮವಿದ್ದಾಗ, ಮೊಮ್ಮಕ್ಕಳು ಮೊಟ್ಟೆಯೊಡೆದು ಬಂದವು. ಲೂಸಿಯನ್ ಅವತ್ತು ಹೆಂಡತಿ ಮಾಡಿಕೊಟ್ಟ ಮಾಂಸದ ಕಡುಬನ್ನು ತಂದು ನಮಗೆಲ್ಲ ಹಂಚಿದರು. ಮರಿಗಳ ಪೆಟ್ಟಿಗೆಯ ಮೇಲೆ ಬಗ್ಗಿ ಒಂದೊಂದನ್ನೂ ನೋಡಿದರು.

ಮಾರ್ಚಿನಲ್ಲಿ, ಮೇಪಲ್ ಮರಗಳ ರಸ ಇಳಿಯುವ ಕಾಲಕ್ಕೆ, ಎಲ್ಲರನ್ನೂ ಊಟದ ಕೋಣೆಗೆ ಕರೆದರು. ಆಗ ನಿರ್ದೇಶಕಿಯಾಗಿದ್ದವರು ಕ್ಯಾರಲ್ ಹಿಂಡ್‌ಮಾರ್ಷ್. ಸರ್ಕಾರ ಎಲ್ಲ ಕಡೆ ಖರ್ಚು ಕಡಿಯುತ್ತಿದೆ, ನಮ್ಮ ಕೋಳಿ ಮನೆಗಳನ್ನು ಮುಚ್ಚಲು ತೀರ್ಮಾನವಾಗಿದೆ, ಜೂನ್ ಕೊನೆಗೆ ಖಾಲಿ ಮಾಡಬೇಕು ಎಂದರು. ಹಾಳೆ ನೋಡಿ ಓದುತ್ತಿದ್ದರು. ಓದಿ ಮುಗಿಸಿದಾಗ ಅವರ ಕಣ್ಣು ಕೆಂಪಾಗಿತ್ತು.

ಲೂಸಿಯನ್ ಅಲ್ಲೇ ಎದ್ದು ನಿಂತರು. "ನನಗೆ ಒಂದು ವರ್ಷ ಕೊಡಿ."

"ಲೂಸಿಯನ್..."

"ಮೊಮ್ಮಕ್ಕಳು ಮೊಟ್ಟೆ ಇಡೋದೇ ಜೂನ್‌ಗೆ. ಎಳೇ ಹೇಂಟೆ ಯಾವುದಾದ್ರೂ ಮೊಟ್ಟೆ ಗಟ್ಟಿಯಾಗೇ ಇಡತ್ತೆ, ಕಾಗದದ್ದೂ ಇಡತ್ತೆ. ವಯಸ್ಸಾದ ಮೇಲೇ ಗೊತ್ತಾಗೋದು ಯಾರ ಚಿಪ್ಪು ನಿಲ್ಲತ್ತೆ, ಯಾರದ್ದು ನಿಲ್ಲೋದಿಲ್ಲ ಅಂತ. ಒಂದೇ ವರ್ಷ. ನನ್ನ ಸಂಬಳ ನಿಲ್ಲಿಸಿ ಬೇಕಾದ್ರೆ."

"ನಿಮ್ಮ ಸಂಬಳದ ಪ್ರಶ್ನೆ ಅಲ್ಲ ಇದು. ಕಟ್ಟಡಾನೇ ಇರೋದಿಲ್ಲ. ನಾನು ಮೂರು ಸಲ ಕೇಳಿದೆ, ಮೂರು ಸಲಾನೂ ಆಗೋದಿಲ್ಲ ಅಂದ್ರು. ಇನ್ನು ಯಾರನ್ನ ಕೇಳ್ಲಿ ಹೇಳಿ?"

ಲೂಸಿಯನ್ ಕೂತುಕೊಂಡರು. ಯಾರೂ ಎದ್ದು ಹೋಗಲಿಲ್ಲ. ಕಾಫಿ ಹಾಗೇ ಆರಿತು.

ಮೇ ತಿಂಗಳಲ್ಲಿ ಗಡಿಯಾಚೆ ಅಮೆರಿಕದ ಕೋಳಿ ಕಂಪನಿಯೊಂದರಿಂದ ಡುವೇನ್ ಪ್ರೊಕಾಪ್ ಎಂಬಾತ ಬಂದ. ಒಳ್ಳೆಯ ಮನುಷ್ಯ, ಕೋಳಿ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕಲ್ಲು ತಳಿಯ ಮೊಟ್ಟೆಗಳನ್ನು ನನ್ನ ಯಂತ್ರದಲ್ಲಿ ಅದುಮಿ ನೋಡಿ ಸಿಳ್ಳೆ ಹೊಡೆದ. ಮರಿ ಮಾಡಿಸಲು ಬೇಕಾದಷ್ಟು ಮೊಟ್ಟೆ ಕೊಂಡುಹೋಗುತ್ತೇನೆ ಎಂದ. ಲೂಸಿಯನ್ ಅವನನ್ನು ಕಾಗದದ ಸಾಲಿಗೆ ಕರೆದುಕೊಂಡು ಹೋದರು.

"ಇವನ್ನೂ ತಗೊಂಡು ಹೋಗಿ. ದುಡ್ಡು ಬೇಡ. ಸುಮ್ನೆ ತಗೊಂಡು ಹೋಗಿ."

ಪ್ರೊಕಾಪ್ ಒಂದು ಮೊಟ್ಟೆ ಎತ್ತಿದ. ಅದು ಅವನ ಬೆರಳುಗಳ ನಡುವೆ ಕುಸಿಯಿತು. ಅವನು ಕೈ ಒರೆಸಿಕೊಳ್ಳುತ್ತಾ ಸಂಕಟದಿಂದ ನಕ್ಕ.

"ಡಾಕ್ಟ್ರೇ, ಇದನ್ನ ತಗೊಂಡು ನಮ್ಮ ಬಾಸ್ ಮುಂದೆ ನಿಂತ್ರೆ ನನ್ನನ್ನೂ ನಾಳೆಯಿಂದ ಬರಬೇಡ ಅಂತಾರೆ."

"ಇದಿಲ್ಲದೆ ಅದಕ್ಕೆ ಅರ್ಥ ಇಲ್ಲ. ಗಟ್ಟಿ ಚಿಪ್ಪಿನ ಕೋಳಿ ನಿಮ್ಮ ಹತ್ರಾನೇ ಇದೆ, ಎಲ್ಲರ ಹತ್ರಾನೂ ಇದೆ. ಇಂಥದ್ದು ಇನ್ನೆಲ್ಲೂ ಇಲ್ಲ."

"ಅದಂತೂ ನಿಜ, ಇನ್ನೆಲ್ಲೂ ಇಲ್ಲ," ಎಂದ ಪ್ರೊಕಾಪ್. ಕಲ್ಲಿನ ಮೊಟ್ಟೆಗಳನ್ನು ತುಂಬಿಕೊಂಡು ಹೋದ.

ಅವತ್ತು ಮಧ್ಯಾಹ್ನ ಅಣ್ಣ ಲೂಸಿಯನ್ ಅವರನ್ನು ಕೋಳಿಮನೆಯ ಹಿಂದಕ್ಕೆ ಕರೆದ. ನಾನೂ ಹೋದೆ.

"ನಮ್ಮನೇಲಿ ಹಳೇ ಹಸುವಿನ ಕೊಟ್ಟಿಗೆ ಖಾಲಿ ಬಿದ್ದಿದೆ. ಕಾಗದಾನ ಅಲ್ಲಿಗೆ ತರೋಣ."

"ಜೀವಂತ ಕೋಳಿ ಆಚೆ ಬಿಡೋದಿಲ್ಲ, ಈನಿಯಸ್. ರೋಗ ಹರಡಬಾರದು ಅಂತ ನಿಯಮ."

"ಕೋಳಿ ಯಾರು ಕೇಳಿದ್ರು? ಮೊಟ್ಟೆ ತರೋಣ. ಕಾವಿನ ಪೆಟ್ಟಿಗೆ ನನ್ಹತ್ರ ಇದೆ."

ಲೂಸಿಯನ್ ನಿರ್ದೇಶಕಿಯನ್ನು ಕೇಳಿದರು. ಆಕೆ ಕಿಟಕಿಯ ಕಡೆ ತಿರುಗಿ, ಒಡೆದ ಮೊಟ್ಟೆಗಳನ್ನು ದಿನಾ ಎಸೆಯುತ್ತಲೇ ಇದ್ದೀರಲ್ಲ, ಎಲ್ಲಿ ಎಸೆಯುತ್ತೀರಿ ಎಂದು ನಾನೇನು ಬಂದು ನೋಡುವುದಿಲ್ಲ ಎಂದರಂತೆ.

ಹಿಮ ಕರಗಿದ ಮೇಲೆ ನಮ್ಮ ಹಳ್ಳಿ ರಸ್ತೆ ಗುಂಡಿಗಳಿಂದ ತುಂಬಿರುತ್ತದೆ. ಮೊಟ್ಟೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ತಟ್ಟೆಗಳನ್ನು ನಮ್ಮ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಅಣ್ಣ ಟ್ರಕ್ಕನ್ನು ನಡೆಯುವವರಿಗಿಂತ ನಿಧಾನ ಓಡಿಸಿದ. ಹಿಂದೆ ಬಂದ ನೆರೆಯವರೊಬ್ಬರು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಪಕ್ಕಕ್ಕೆ ಬಂದು "ಯಾರದ್ದೋ ಹೆಣ ತಗೊಂಡು ಹೋಗ್ತಿದ್ದೀರೇನೋ?" ಎಂದು ಕೂಗಿದರು. ಲೂಸಿಯನ್ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಜೂನ್ ಕೊನೆಯ ವಾರ ಬಂತು. ಮೊಮ್ಮಕ್ಕಳು ಸರಿಯಾಗಿ ಆ ವಾರವೇ ಮೊಟ್ಟೆ ಇಡಲು ಶುರು ಮಾಡಿದವು. ಸಣ್ಣ ಸಣ್ಣ, ಬೆಳ್ಳಗಿನ ಮೊಟ್ಟೆಗಳು. ನಾನು ಯಂತ್ರದಲ್ಲಿ ಅದುಮಿದೆ. ಲೂಸಿಯನ್ ಹೇಳಿದ್ದಂತೆಯೇ ಎಲ್ಲವೂ ಗಟ್ಟಿಯಾಗಿದ್ದವು. ಯಾವುದು ಅಜ್ಜನ ಹಾಗೆ, ಯಾವುದು ಅಜ್ಜಿಯ ಹಾಗೆ, ಏನೇನೂ ತಿಳಿಯುವಂತಿರಲಿಲ್ಲ. ಬರೆದಿಟ್ಟು ಏನು ಉಪಯೋಗ ಎಂದು ಕೇಳಿದೆ. "ಬರೀರಿ," ಎಂದರು.

ಕೋಳಿಗಳನ್ನು ಕೊಲ್ಲುವ ಅನಿಲದ ಗಾಡಿ ಬಂದ ದಿನ ಅವನ್ನು ಹಿಡಿದು ಹಾಕಿದವನು ಅಣ್ಣನೇ. ಹೊರಗಿನವರು ಕಾಲು ಹಿಡಿದು ಒಗೆಯುತ್ತಾರೆ, ಬೇಡ ಎಂದ. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಒಳಗಿಳಿಸಿದ. ಲೂಸಿಯನ್ ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ನಿಂತರು. ಮೊದಲು ಕಲ್ಲು, ಆಮೇಲೆ ಕಾಗದ, ಕೊನೆಗೆ ಮೊಮ್ಮಕ್ಕಳು. ಸಂಜೆಯ ಹೊತ್ತಿಗೆ ಕೋಳಿಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿದಿತ್ತು. ಅಣ್ಣ ಅದನ್ನೂ ಆರಿಸಿದ.

ನಮ್ಮಣ್ಣನ ಕೊಟ್ಟಿಗೆಯಲ್ಲಿ ಅಷ್ಟು ಮೊಟ್ಟೆಗಳಿಂದ ಬೊಗಸೆಯಷ್ಟು ಮರಿಗಳು ಹೊರಬಂದಿದ್ದವು. ಅವುಗಳಲ್ಲಿ ಬದುಕಿ ದೊಡ್ಡವಾದದ್ದು ಏಳು ಹೇಂಟೆ, ಎರಡು ಹುಂಜ. ಲೂಸಿಯನ್ ಈಗ ನಿವೃತ್ತರು. ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಕಾರಿನಲ್ಲಿ ಬರುತ್ತಿದ್ದರು. ಅವರ ಹೆಂಡತಿ ತೆರೇಸ್ ಒಮ್ಮೆ ಇಗರ್ಜಿಯ ಮುಂದೆ ಸಿಕ್ಕಿದಾಗ, "ನಿಮ್ಮಣ್ಣನ ಹತ್ರ ಇನ್ನೊಂದು ಮಂಚ ಇದ್ರೆ ಹೇಳಮ್ಮ, ಇವರ ಬಟ್ಟೆಬರೆ ಕಟ್ಟಿ ಕಳಿಸಿಬಿಡ್ತೀನಿ," ಎಂದಳು. ನಗುತ್ತಲೇ ಹೇಳಿದಳು, ಆದರೆ ಪೂರ್ತಿ ನಗುವಾಗಿರಲಿಲ್ಲ.

ಲೂಸಿಯನ್ ಅವರ ಲೆಕ್ಕ ಹೀಗಿತ್ತು: ಕಾಗದ ಇಲ್ಲಿ ಉಳಿಯಲಿ, ಕಲ್ಲು ಕಂಪನಿಯಲ್ಲಿ ಇದೆ. ಮುಂದೆ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಮನಸ್ಸಾದರೆ ಎರಡನ್ನೂ ತಂದು ಮತ್ತೆ ಕೂಡಿಸಬಹುದು. ತಾವಲ್ಲದಿದ್ದರೆ ಇನ್ನೊಬ್ಬರು.

ಚಳಿಗಾಲ ಶುರುವಾದಾಗ ಹೇಂಟೆಗಳು ಮೊಟ್ಟೆಗೆ ಬಂದವು. ಮೊದಮೊದಲು ಚೆನ್ನಾಗೇ ಇಟ್ಟವು. ಕೊಟ್ಟಿಗೆಯ ಚಳಿಗೆ, ವಯಸ್ಸಾಗುವ ಮೊದಲೇ ಚಿಪ್ಪು ತೆಳುವಾಯಿತು, ಗೂಡಿನಲ್ಲೇ ಒಡೆಯತೊಡಗಿತು. ಒಂದು ಹೇಂಟೆ ಒಡೆದ ಮೊಟ್ಟೆಯ ರುಚಿ ನೋಡಿತು. ಆ ಚಾಳಿ ಒಂದಕ್ಕೆ ಹತ್ತಿದರೆ ಉಳಿದವಕ್ಕೂ ಹತ್ತುತ್ತದೆ. ಮೊಟ್ಟೆ ಉರುಳಿ ಕೊಕ್ಕಿಗೆ ಸಿಗದಿರಲೆಂದು ಅಣ್ಣ ಗೂಡುಗಳಿಗೆ ಕಿತ್ತಾನಿನ ಇಳಿಜಾರು ಮಾಡಿದ, ಕತ್ತಲೆಯಾಗುವಂತೆ ಪರದೆ ಕಟ್ಟಿದ, ಸುಣ್ಣದಂಶಕ್ಕೆ ಸಿಂಪಿ ಚಿಪ್ಪಿನ ಪುಡಿ ಇಟ್ಟ. ಏನು ಮಾಡಿದರೂ ಅವು ಇಟ್ಟ ಕೂಡಲೇ ತಿರುಗಿ ಕುಕ್ಕಿ ತಿನ್ನುತ್ತಿದ್ದವು.

ಆಮೇಲೆ ಲೂಸಿಯನ್ ಗೂಡಿನ ಪಕ್ಕ ಹಾಲು ಕರೆಯುವ ಮೂರುಕಾಲಿನ ಮಣೆ ಹಾಕಿಕೊಂಡು ಕೂರಲು ಶುರುಮಾಡಿದರು. ಹೇಂಟೆ ಗೂಡಿಗೆ ಹೋಗಿ ಕೂತ ಮೇಲೆ ಮೆಲ್ಲಗೆ ಕೈ ಒಳಗೆ ಹಾಕಿ, ಅಂಗೈ ಮೇಲೆ ಮಾಡಿ, ಅದರ ಬಾಲದ ಕೆಳಗೆ ಹಿಡಿಯುತ್ತಿದ್ದರು. ಒಂದೊಂದು ಸಲ ಗಂಟೆಗಟ್ಟಲೆ. ಮೊಟ್ಟೆ ಬೆಚ್ಚಗೆ, ಒದ್ದೆಯಾಗಿ ಕೈಗೆ ಬೀಳುತ್ತಿತ್ತು. ಮೈನಸ್ ಇಪ್ಪತ್ತರ ಚಳಿಯಲ್ಲಿ ಇನ್ನೊಂದು ಕೈಯನ್ನು ಕಂಕುಳಲ್ಲಿಟ್ಟುಕೊಂಡು ಕೂತಿರುತ್ತಿದ್ದರು.

"ಡಾಕ್ಟ್ರೇ, ನೀವು ಯೂನಿವರ್ಸಿಟೀಲಿ ಇದನ್ನೇ ಓದಿದ್ದಾ?" ಎಂದು ಅಣ್ಣ ಬಿಸಿ ಚಹಾ ತಂದು ಕೊಡುತ್ತಾ ಕೆಣಕುತ್ತಿದ್ದ.

"ಮಾತಾಡ್ಬೇಡ. ಬರ್ತಾ ಇದೆ."

"ಸೂಲಗಿತ್ತಿ ಆಗಿಬಿಟ್ರಿ ಬಿಡಿ."

ಹಾಗೆ ಹಿಡಿದ ಮೊಟ್ಟೆಗಳನ್ನು ಕೂಡಿಟ್ಟು ಒಂದು ಸಲ ಕಾವಿಗಿಟ್ಟರು. ಅಷ್ಟರಲ್ಲಿ ಜನವರಿಯ ಚಳಿ ಎಲ್ಲವನ್ನೂ ಕೆಡಿಸಿತು. ಒಂದು ಹುಂಜ ಸತ್ತಿತು. ಇನ್ನೊಂದರ ಜುಟ್ಟು ಹೆಪ್ಪುಗಟ್ಟಿ ಕಪ್ಪಾಯಿತು. ಹಾಗಾದ ಹುಂಜದಲ್ಲಿ ಬೀಜದ ಸತ್ವ ಹೋಗುತ್ತದೆ. ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದರೆ ಒಂದರಲ್ಲೂ ಮರಿ ಮೂಡುವ ರಕ್ತದ ಎಳೆಯಿರಲಿಲ್ಲ. ಬರೀ ತಿಳಿ.

ಅದೇ ವಾರ ಲೂಸಿಯನ್ ಪ್ರೊಕಾಪ್‌ಗೆ ಫೋನು ಮಾಡಿದರು, ನಮ್ಮಣ್ಣನ ಅಡುಗೆಮನೆಯಿಂದಲೇ. ಕಲ್ಲು ತಳಿ ಹೇಗಿದೆ ಎಂದು ಕೇಳಿದರು. ಬಹಳ ಹೊತ್ತು ಹ್ಞೂಂ, ಹ್ಞೂಂ ಎಂದು ಕೇಳಿಸಿಕೊಂಡರು. ಫೋನು ಇಟ್ಟರು.

"ಏನಂತೆ?" ಎಂದೆ.

"ಅವರ ತಳಿಗಳ ಜೊತೆ ಬೆರೆಸಿಬಿಟ್ಟಿದ್ದಾರಂತೆ. ಬೇರೆಯಾಗಿ ಇಟ್ಕೊಂಡಿಲ್ಲ. ಮೊಟ್ಟೆ ಬಹಳ ಚೆನ್ನಾಗಿದೆಯಂತೆ, ನನಗೆ ಥ್ಯಾಂಕ್ಸ್ ಹೇಳಿದ."

ಅಣ್ಣ ಒಲೆಯ ಮೇಲಿನ ಓಟ್ಸ್ ಗಂಜಿ ಕದಡುತ್ತಾ ನಿಂತಿದ್ದ. ತಿರುಗದೆಯೇ ಕೇಳಿದ, "ಹಂಗಾದ್ರೆ ಇವು ಇನ್ಯಾಕೆ, ಲೂಸಿಯನ್?"

ಲೂಸಿಯನ್ ಕೋಟು ಹಾಕಿಕೊಂಡು ಮಣೆಯ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಕಿಟಕಿಯಿಂದ ನೋಡಿದೆ, ಕೈ ಮತ್ತೆ ಗೂಡಿನೊಳಗಿತ್ತು.

ಮಾರ್ಚಿನಲ್ಲಿ ಇನ್ನೊಂದು ಸಲ ಕಾವಿಗಿಡುವಷ್ಟು ಮೊಟ್ಟೆಯಾಯಿತು. ಲೂಸಿಯನ್ ಸಣಕಲಾಗಿದ್ದರು, ಕೆಮ್ಮುತ್ತಿದ್ದರು. ತೆರೇಸ್ ನನಗೆ ಫೋನು ಮಾಡಿ ಅತ್ತಳು. ಆಗ ಅಣ್ಣನಿಗೆ ಒಂದು ಯೋಚನೆ ಬಂತು. ರಸ್ತೆಯಾಚೆಯ ನೆರೆಮನೆಯಲ್ಲೂ ಬಿಳಿ ಕೋಳಿಗಳಿದ್ದವು, ಅವಕ್ಕೆ ಒಳ್ಳೆಯ ಹುಂಜವಿತ್ತು. ಅಲ್ಲಿಂದ ಒಂದಷ್ಟು ಮೊಟ್ಟೆ ತಂದು ತಟ್ಟೆಯಲ್ಲಿ ಸೇರಿಸಿದ.

"ಬೇಡ ಕಣೋ," ಎಂದೆ ನಾನು.

"ನಾಲ್ಕು ಮರಿ ನೋಡಿದ್ರೆ ಮನುಷ್ಯ ನೆಟ್ಟಗೆ ಊಟ ಮಾಡ್ತಾನೆ, ಮಾರ್ಜ್. ಆಮೇಲೆ ಬೇಸಿಗೆ ಬರತ್ತೆ. ಬೇಸಿಗೇಲಿ ಎಲ್ಲಾರೂ ಸರಿಹೋಗ್ತಾರೆ. ನಿನಗೇನು ಕಷ್ಟ?"

ವಾರದ ಮೇಲೆ ದೀಪಕ್ಕೆ ಹಿಡಿದು ನೋಡುವ ದಿನ ನಾವು ಮೂವರೂ ನೆಲಮಾಳಿಗೆಯಲ್ಲಿದ್ದೆವು. ತಿಳಿ, ತಿಳಿ, ತಿಳಿ. ಆಮೇಲೆ ಒಂದರಲ್ಲಿ ಜೇಡರ ಬಲೆಯಂಥ ಕೆಂಪು ಎಳೆಗಳು, ನಡುವೆ ಮಿಡಿಯುವ ಚುಕ್ಕೆ. ಲೂಸಿಯನ್ ಉಸಿರು ಹಿಡಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊಮ್ಮಕ್ಕಳು ಹುಟ್ಟಿದ ದಿನದ ಮೇಲೆ ನೋಡಿರಲಿಲ್ಲ. ಅಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಲೂಸಿಯನ್ ಮೊಟ್ಟೆಯನ್ನು ಹಾಗೇ ದೀಪದ ಮುಂದೆ ತಿರುಗಿಸಿದರು. ಹೆಬ್ಬೆರಳಿನ ಉಗುರಿನಿಂದ ಒಮ್ಮೆ ತಟ್ಟಿದರು. ಅದು ಸಣ್ಣಗೆ ಟಣ್ ಎಂದಿತು. ಇನ್ನೊಮ್ಮೆ ತಟ್ಟಿದರು. ಮೊಟ್ಟೆಯನ್ನು ಬಹಳ ಜೋಪಾನವಾಗಿ ತಟ್ಟೆಗೆ ವಾಪಸಿಟ್ಟರು.

"ಇದು ಕಾಗದ ಅಲ್ಲ," ಎಂದರು.

ಅಣ್ಣ ಮುಂದಿನ ಮೊಟ್ಟೆಗೆ ಕೈ ಹಾಕಿದ.

"ಯಾರ ಮನೇದು?"

"ಲೂಸಿಯನ್, ನಾನು ಏನಂದ್ಕೊಂಡೆ ಅಂದ್ರೆ..."

"ನನಗೆ ಮರಿ ಬೇಕು ಅಂತ ಅಂದ್ಕೊಂಡ್ಯಾ? ಆಡಿಸೋದಕ್ಕೆ?" ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಇಷ್ಟು ವರ್ಷ ನನ್ನ ಜೊತೆ ಇದ್ದೆ, ಈನಿಯಸ್. ನೀನೂನಾ?"

"ನೀನು ಸಾಯ್ತಾ ಇದ್ದೀಯೋ ಮಾರಾಯ, ಆ ಕೊಟ್ಟಿಗೇಲಿ ಕೂತು! ಯಾವನಿಗೆ ಬೇಕು ಒಡೆಯೋ ಮೊಟ್ಟೆ? ಆ ಅಮೆರಿಕದವನಿಗೆ ಬೇಡ, ಸರ್ಕಾರಕ್ಕೆ ಬೇಡ. ಕೋಳಿಗೇ ಬೇಡ, ಅದೇ ತಿಂದುಹಾಕತ್ತೆ!"

ಲೂಸಿಯನ್ ಟೋಪಿ ಹಾಕಿಕೊಂಡರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡರು. ಕಾರು ಹೊರಟ ಸದ್ದಾಯಿತು. ಅಣ್ಣ ದೀಪದ ಮುಂದೆ ಕೂತೇ ಇದ್ದ.

"ನಾಳೆ ಬರ್ತಾನೆ," ಎಂದ.

ಬರಲಿಲ್ಲ. ಅಣ್ಣ ಎರಡು ಸಲ ಅವರ ಮನೆಗೆ ಹೋದ. ಮಲಗಿದ್ದಾರೆ ಎಂದು ತೆರೇಸ್ ಬಾಗಿಲಲ್ಲೇ ಹೇಳಿ ಕಳಿಸಿದಳು. ನೆರೆಮನೆಯ ಮೊಟ್ಟೆಗಳಿಂದ ಮರಿಗಳು ಹೊರಬಂದವು, ಆರೋಗ್ಯವಾಗಿದ್ದವು. ಅಣ್ಣ ಅವನ್ನು ಆ ಮನೆಯವರಿಗೇ ಕೊಟ್ಟುಬಿಟ್ಟ. ಆಮೇಲೆ ಸ್ವಲ್ಪ ದಿನ ಅವನೇ ಮಣೆಯ ಮೇಲೆ ಕೂತು ಗೂಡಿನೊಳಗೆ ಕೈ ಒಡ್ಡಿದ. ಹಿಡಿದ ಮೊಟ್ಟೆಗಳನ್ನು ಏನು ಮಾಡಬೇಕೋ ತಿಳಿಯದೆ ಬಟ್ಟಲಲ್ಲಿಡುತ್ತಿದ್ದ, ನಾನು ಅವುಗಳಿಂದ ಕೇಕ್ ಮಾಡುತ್ತಿದ್ದೆ. ಬೇಸಿಗೆ ಮುಗಿಯುವುದರೊಳಗೆ ಹೇಂಟೆಗಳ ಮೂಳೆಗಳು ಸೋತವು. ತಮ್ಮ ಮೂಳೆಯನ್ನೇ ಕರಗಿಸಿ ಚಿಪ್ಪಿಗೆ ಸುರಿಯುತ್ತವೆ ಅವು, ಹಾಗೆ ಸುರಿದೂ ಚಿಪ್ಪು ಗಟ್ಟಿಯಾಗಿರಲಿಲ್ಲ. ಒಂದೊಂದೇ ಕೂತಲ್ಲಿಂದ ಏಳಲಾರದಾದವು. ಕೊನೆಯದು ಸೆಪ್ಟೆಂಬರಿನಲ್ಲಿ ಹೋಯಿತು. ಅಣ್ಣ ಲೂಸಿಯನ್ ಅವರಿಗೆ ಫೋನು ಮಾಡಿ ಹೇಳಿದ. ಆಚೆಯಿಂದ "ಸರಿ" ಎಂದರಂತೆ. ಅಷ್ಟೇ.

ಮಾರನೆಯ ಚಳಿಗಾಲದಲ್ಲಿ ಪೇಟೆಯ ಅಂಗಡಿಯಲ್ಲಿ ಲೂಸಿಯನ್ ಸಿಕ್ಕಿದರು. ಹಾಲಿನ ಡಬ್ಬಿಗಳ ಮುಂದೆ ನಿಂತಿದ್ದರು. ಕೆಮ್ಮು ಹೋಗಿತ್ತು, ಮೈ ಸ್ವಲ್ಪ ತುಂಬಿಕೊಂಡಿತ್ತು. ತೆರೇಸ್ ಚೆನ್ನಾಗಿದ್ದಾಳೆ, ಮಗಳ ಮನೆಗೆ ಹೋಗಿಬಂದೆವು ಎಂದರು.

"ಈನಿಯಸ್ ಹೇಗಿದ್ದಾನೆ?"

"ಇದ್ದಾನೆ. ದಿನಾ ಕಿಟಕಿ ಹತ್ರ ಕೂರ್ತಾನೆ. ಒಂದ್ಸಲ ಹೋಗಿ, ಲೂಸಿಯನ್. ಅವನು ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ."

"ಗೊತ್ತು. ಅವತ್ತೇ ಗೊತ್ತಿತ್ತು. ಅವನ ಮೇಲೆ ನನಗೆ ಕೋಪ ಇಲ್ಲ."

"ಮತ್ತೇನು? ಹೋಗಿ ಒಂದು ಕಪ್ ಚಹಾ ಕುಡಿದು ಬನ್ನಿ."

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಯಾವುದೋ ಕಷ್ಟದ ಲೆಕ್ಕ ಮಾಡುವವರ ಹಾಗೆ ಹುಬ್ಬು ಗಂಟಿಕ್ಕಿಕೊಂಡು.

"ಹೋಗಿ ಏನು ಮಾತಾಡ್ಲಿ, ಮಾರ್ಜರಿ?" ಎಂದರು.

ಅವರು ಹಾಲು ತೆಗೆದುಕೊಂಡು, ನನಗೆ ಟೋಪಿ ಎತ್ತಿ ವಂದಿಸಿ, ದುಡ್ಡು ಕೊಡುವ ಸಾಲಿನಲ್ಲಿ ಹೋಗಿ ನಿಂತರು.